ಸುವರ್ಣಮ್ಮ ಕೇಳಿದ ನಾಟಕಗಳು

ನಾಟಕ ಕಂಪನಿಯವರು ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದು, ಪರದೆಯ ಸುರುಳಿಗಳನ್ನೂ ಪೆಟ್ಟಿಗೆಗಳನ್ನೂ ಬಂಡಿಗೆ ಹೇರುವಾಗಲೇ ಒಂದು ಮಾತು ವಿಚಾರಿಸುತ್ತಿದ್ದರಂತೆ: ‘ಹೇಮಕೂಟ’ದ ಅಯ್ಯನವರು ಊರಲ್ಲಿದ್ದಾರೋ ಇಲ್ಲವೋ. ಇದ್ದಾರೆ ಎಂದರೆ ಮೊದಲ ಆಟಕ್ಕೆ ತಮ್ಮ ಬಳಿ ಇದ್ದುದರಲ್ಲೇ ಒಳ್ಳೆಯ ನಾಟಕ ಇಟ್ಟುಕೊಳ್ಳುತ್ತಿದ್ದರು. ಆ ಅಯ್ಯನವರು ನಮ್ಮ ತಾಯಿಯ ತಂದೆ, ಕೊಟ್ರಯ್ಯ. ‘ಹೇಮಕೂಟ’ ಅವರು ಹೊರಡಿಸುತ್ತಿದ್ದ ಮಾಸಪತ್ರಿಕೆ. ನಾನು ಹುಟ್ಟುವ ಹೊತ್ತಿಗೆ ಪತ್ರಿಕೆಯೂ ಇರಲಿಲ್ಲ, ಅವರೂ ಇರಲಿಲ್ಲ. ನಾನಿಲ್ಲಿ ಬರೆಯುತ್ತಿರುವುದು ನಮ್ಮವ್ವ ಹೇಳಿದ್ದು, ಮತ್ತೆ ಪತ್ರಿಕೆಯನ್ನು ಅಚ್ಚು ಹಾಕುತ್ತಿದ್ದ ಪಂಪಣ್ಣ ತಮ್ಮ ಮುಪ್ಪಿನಲ್ಲಿ ಹೇಳಿದ್ದು.

ಕೊಟ್ರಯ್ಯ ಹುಟ್ಟಿದ್ದು ಕಂಪ್ಲಿಯಲ್ಲಿ. ತಂದೆ ಹೊಳೆಯ ಕಡೆಗಿದ್ದ ಸಣ್ಣ ಮಠವೊಂದನ್ನು ನೋಡಿಕೊಂಡು ಊರ ಹುಡುಗರಿಗೆ ಅಕ್ಷರ ಕಲಿಸುತ್ತಿದ್ದರು. ಕಬ್ಬಿನ ಗಾಣಗಳು ನಿಂತ ಮೇಲೆ, ಬೇಸಿಗೆಯಲ್ಲಿ, ಅಲ್ಲಿನ ರೈತರು ಕಣದಲ್ಲಿ ದೊಡ್ಡಾಟ ಆಡುವರು. ಬೇರೆಯವರು ವೇಷ ನೋಡಲು ಮುಂದೆ ನುಗ್ಗಿದರೆ ಕೊಟ್ರಯ್ಯ ಹಿಂದೆ ಬಣವೆಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಿದ್ದರಂತೆ. ನಿದ್ದೆ ಮಾಡುತ್ತಾನೆಂದು ಜನ ನಗುತ್ತಿದ್ದರು. ಬೆಳಗಾದ ಮೇಲೆ ಯಾರು ಯಾವ ಪದದಲ್ಲಿ ಉಸಿರು ಸಾಲದೆ ಅರ್ಧ ಅಕ್ಷರ ನುಂಗಿದರು ಎಂದು ಹೇಳುತ್ತಿದ್ದವರೂ ಅವರೇ.

ಬಳ್ಳಾರಿಯಲ್ಲಿ ಮೆಟ್ರಿಕ್ ಮುಗಿಸಿ ಹೊಸಪೇಟೆಯ ಶಾಲೆಯಲ್ಲಿ ಮಾಸ್ತರರಾದರು. ಸಂಡೂರಿನ ಕಡೆಯ ಸುವರ್ಣಮ್ಮನವರನ್ನು ಮದುವೆಯಾದರು. ಆಗ ಕಂಪನಿ ನಾಟಕಗಳ ಕಾಲ. ಸ್ಟೇಷನ್ ರಸ್ತೆಯ ಬಯಲಿನಲ್ಲಿ ತಗಡಿನ ಥೇಟರು ಏಳುತ್ತಿತ್ತು, ತಿಂಗಳೆರಡು ತಿಂಗಳು ಆಟ ನಡೆದು ಬಿಚ್ಚಿಕೊಂಡು ಹೋಗುತ್ತಿತ್ತು. ಕೊಟ್ರಯ್ಯ ಒಂದನ್ನೂ ಬಿಡುತ್ತಿರಲಿಲ್ಲ. ನೋಡಿದ್ದನ್ನು ಧಾರವಾಡದ ಕಡೆಯ ಪತ್ರಿಕೆಗಳಿಗೆ ಬರೆದು ಕಳಿಸುವರು. ಪತ್ರಿಕೆಯವರು ಅರ್ಧ ಕತ್ತರಿಸಿ ಅಚ್ಚು ಹಾಕುವರು. ಕತ್ತರಿಸಿದ ಅರ್ಧದಲ್ಲೇ ತಮ್ಮ ಮಾತು ಇತ್ತೆಂದು ಇವರಿಗೆ ಸಂಕಟ. ಕೊನೆಗೆ ಪಂಪಣ್ಣನ ಕಾಲುಮೆಟ್ಟಿನ ಪ್ರೆಸ್ಸಿನಲ್ಲಿ ತಾವೇ ‘ಹೇಮಕೂಟ’ ಶುರುಮಾಡಿದರು. ಮೊದಲನೇ ಮಹಾಯುದ್ಧ ಇನ್ನೂ ನಡೆಯುತ್ತಿತ್ತು, ಕಾಗದ ಸಿಗುವುದೇ ಕಷ್ಟವಾಗಿತ್ತು. ಮೊದಲ ಕೆಲವು ಸಂಚಿಕೆಗಳು ಬೆಲ್ಲದ ಬಣ್ಣದ ಒರಟು ಹಾಳೆಯಲ್ಲಿ ಬಂದವು.

ಪತ್ರಿಕೆಯಲ್ಲಿ ಪದ್ಯ ಇರುತ್ತಿತ್ತು, ಕಥೆ ಇರುತ್ತಿತ್ತು, ಆದರೆ ಜನ ಮೊದಲು ತೆರೆಯುತ್ತಿದ್ದುದು ಕೊನೆಯ ಪುಟಗಳ ವಿಮರ್ಶೆಯನ್ನು. ಕೊಟ್ರಯ್ಯನವರಿಗೆ ಹಾರ್ಮೋನಿಯಂ ಮೇಲೆ ಸಿಟ್ಟು, ವನ್ಸ್‌ಮೋರ್ ಮೇಲೆ ಇನ್ನೂ ಸಿಟ್ಟು. ಸತ್ತ ಮಗನ ಮುಂದೆ ಕೂತ ತಾಯಿ ಮೂರು ಸಲ ಅದೇ ಹಾಡು ಹೇಳಿದರೆ ಮಗ ಮೂರು ಸಲ ಸಾಯಬೇಕಾಗುತ್ತದೆ ಎಂದು ಒಮ್ಮೆ ಬರೆದರು. ಕಂಪ್ಲಿಯ ದೊಡ್ಡಾಟದ ಮಾತುಗಾರಿಕೆಯನ್ನು ಕಂಪನಿಯವರು ಬಂದು ಕಲಿಯಬೇಕು ಎಂದೂ ಬರೆದರು. ಓದಿದವರು ಕೆಲವರು ನಕ್ಕರು. ದೂರದೂರದವರು ಬಂದು ಹಂಪಿಯ ಮುರಿದ ಕಲ್ಲುಗಳ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ಇವರು ಹಂಪಿ ಬಜಾರದ ಸಾಲುಮಂಟಪಗಳಲ್ಲಿ ಒಲೆ ಹೂಡಿಕೊಂಡಿದ್ದ ಸಂಸಾರಗಳ ಸೋಬಾನೆ ಹಾಡುಗಳ ಮೇಲೆ ಬರೆದರು. ಅದಕ್ಕೂ ನಕ್ಕರು. ಆದರೂ ಕೊಂಡು ಓದುತ್ತಿದ್ದರು.

ತಂದೆ ತೀರಿಕೊಂಡ ವರ್ಷ ಕೊಟ್ರಯ್ಯ ಮಠದ ವ್ಯವಸ್ಥೆ ಮಾಡಲು ಕಂಪ್ಲಿಗೆ ಹೋಗಿ ಮಳೆಗಾಲ ಪೂರ್ತಿ ಅಲ್ಲೇ ಇರಬೇಕಾಯಿತು. ನೆಲ್ಲಿನ ಗದ್ದೆಗಳ ನಡುವಿನ ಊರು, ಸೊಳ್ಳೆ ವಿಪರೀತ. ಚಳಿಜ್ವರ ಹಿಡಿಯಿತು. ಬಿಟ್ಟು ಬಿಟ್ಟು ಬರುತ್ತಿದ್ದ ಆ ಜ್ವರಕ್ಕೆ ಡಾಕ್ಟರು ಕ್ವಿನೈನ್ ಕೊಟ್ಟರು. ಅದಿಲ್ಲದಿದ್ದರೆ ಆಗಲೇ ಹೋಗಿಬಿಡುತ್ತಿದ್ದರು ಎಂದು ನಮ್ಮವ್ವ ಹೇಳುತ್ತಿದ್ದಳು. ಜ್ವರ ಇಳಿಯಿತು. ಆ ಔಷಧಿಯಿಂದ ಕಿವಿಯಲ್ಲಿ ಎದ್ದ, ಜೀರುಂಡೆ ಕೂಗಿದಂಥ ಸದ್ದು ಮಾತ್ರ ಉಳಿಯಿತು. ಆ ಸದ್ದಿನ ಹಿಂದೆ ಒಂದೊಂದೇ ಧ್ವನಿ ಮರೆಯಾಗುತ್ತಾ ಹೋಯಿತು. ಮೊದಲು ಹಕ್ಕಿಗಳ ದನಿ ಹೋಯಿತು, ಆಮೇಲೆ ಮಕ್ಕಳ ಪಾಠ ಹೋಯಿತು. ಶಾಲೆಯ ಕೆಲಸವನ್ನು ತಾವಾಗಿಯೇ ಬಿಟ್ಟು, ಪತ್ರಿಕೆಗೆ ಪೂರ್ತಿ ಸಮಯ ಬೇಕು ಎಂದು ಎಲ್ಲರಿಗೂ ಹೇಳಿದರು.

ಕಿವಿ ಹೋದದ್ದನ್ನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಮಾತಾಡುವವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಅಭ್ಯಾಸ ಮಾಡಿದರು. ಥೇಟರಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಹಲಗೆಯ ಮೇಲೆ ಅಂಗೈ ಊರುವರು. ತಬಲದ ಪೆಟ್ಟು ಅಷ್ಟಿಷ್ಟು ಕೈಗೆ ತಿಳಿಯುತ್ತಿತ್ತು. ನಾಟಕದ ಮಾತು, ಹಾಡು ಎಲ್ಲ ಮೊದಲೇ ಬಾಯಿಪಾಠ. ಹಿಂದೆ ಕೇಳಿದ್ದ ದನಿಗಳನ್ನು ನೆನಪಿನಿಂದ ತೆಗೆದು, ಎದುರಿಗೆ ಆಡುತ್ತಿದ್ದ ಬಾಯಿಗಳಿಗೆ ಕೂಡಿಸಿಕೊಂಡು ಬರೆಯುತ್ತಾ ಬಂದರು.

ಒಂದು ಮಧ್ಯಾಹ್ನ ಎರ್ರಿಯಪ್ಪ ಎಂಬ ನಟ ಮನೆಗೆ ಬಂದರು. ರಾಜನ ಪಾತ್ರಕ್ಕೆ ಹೆಸರಾದವರು, ರಾಯದುರ್ಗದ ಕಡೆಯವರು. ಅವರ ಹಾಡೊಂದನ್ನು ಕೊಟ್ರಯ್ಯ ಆ ತಿಂಗಳ ಸಂಚಿಕೆಯಲ್ಲಿ ಬಹಳ ಹೊಗಳಿದ್ದರು. ಪಡಸಾಲೆಯಲ್ಲಿ ಪ್ರೂಫು ತಿದ್ದುತ್ತಿದ್ದವರ ಎದುರಿಗೆ ಎರ್ರಿಯಪ್ಪ ಕೂತು, ತಲೆ ತಗ್ಗಿಸಿಕೊಂಡು ಹೇಳಿದರು:

“ನೀವು ಬರ್ದಿದ್ದು ಓದಿದೆ ಅಯ್ನೋರ. ಆದ್ರ ಆ ಹಾಡು ಅವತ್ತು ನಾ ಹಾಡೇ ಇಲ್ರಿ. ಗಂಟ್ಲು ಕಟ್ಟಿತ್ತು, ಹಾರ್ಮೋನಿಯಂ ಜೋಡಿ ಬರೇ ಬಾಯಿ ಆಡಿಸ್ದೆ.”

ತಲೆ ತಗ್ಗಿಸಿದ್ದವರ ತುಟಿ ಕೊಟ್ರಯ್ಯನವರಿಗೆ ಕಾಣಲಿಲ್ಲ. ಕೃತಜ್ಞತೆ ಹೇಳಲು ಬಂದಿದ್ದಾರೆಂದು ತಿಳಿದು ನಕ್ಕರು. “ನಾ ಬರ್ದಿದ್ದು ಕಡಿಮಿ ಆತು. ಇನ್ನೂ ಬರೀಬೇಕಿತ್ತು,” ಎಂದರು.

ಎರ್ರಿಯಪ್ಪ ಮುಖ ಎತ್ತಿ ಅವರನ್ನೇ ನೋಡಿದರು. ಕುಡಿಯಲು ಮಜ್ಜಿಗೆ ತಂದಿದ್ದ ಸುವರ್ಣಮ್ಮ ಬಾಗಿಲಲ್ಲೇ ನಿಂತಿದ್ದರು. ಅವರ ಕಡೆ ತಿರುಗಿ ಎರ್ರಿಯಪ್ಪ, ಇದು ಯಾವಾಗಿನಿಂದ ಎಂದು ಮೆಲ್ಲಗೆ ಕೇಳಿದರಂತೆ. ಎರಡು ಮಳೆಗಾಲ ಕಳೆದವು ಎಂದು ಸುವರ್ಣಮ್ಮ ಹೇಳಿದರು. ಗಂಡ ಮುಚ್ಚಿಟ್ಟದ್ದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಎರ್ರಿಯಪ್ಪ ಮಜ್ಜಿಗೆ ಕುಡಿದು, ಇಬ್ಬರಿಗೂ ಕೈಮುಗಿದು ಹೋದರು. ಆ ವಿಷಯವನ್ನು ಅವರು ಸಾಯುವವರೆಗೂ ಎಲ್ಲೂ ಬಾಯಿ ಬಿಡಲಿಲ್ಲ.

ಅವರು ಹೋದ ಮೇಲೆ ಸುವರ್ಣಮ್ಮ ಪಾಟಿ ಬಳಪ ತೆಗೆದುಕೊಂಡು, ಅವರು ಆ ಹಾಡನ್ನು ಹಾಡಿಯೇ ಇರಲಿಲ್ಲವಂತೆ ಎಂದು ಬರೆದು ಗಂಡನ ಮುಂದಿಟ್ಟರು. ಕೊಟ್ರಯ್ಯ ಅದನ್ನು ಓದಿ ಪ್ರೂಫಿನ ಹಾಳೆಗಳನ್ನು ಮಡಿಸಿ ಬದಿಗಿಟ್ಟರು. ಹಾಡದ ಹಾಡನ್ನು ಹೊಗಳಿದ ಮೇಲೆ ತಾವು ಇನ್ನು ಬರೆಯಬಾರದು, ಪತ್ರಿಕೆ ನಿಲ್ಲಿಸುತ್ತೇನೆ ಎಂದರು. ಸುವರ್ಣಮ್ಮ ಅವರ ಗದ್ದ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡು, ತುಟಿ ಬಿಡಿಸಿ ನಿಧಾನವಾಗಿ ಹೇಳಿದರು:

“ಇನ್ನ ಮ್ಯಾಲ ನಾ ಹೋಗ್ತೀನಿ. ನಾ ಕೇಳ್ಕಂಡು ಬರ್ತೀನಿ, ನೀವು ಬರೀರಿ.”

ಅಲ್ಲಿಂದ ಮುಂದೆ ಇಬ್ಬರೂ ನಾಟಕಕ್ಕೆ ಹೋಗತೊಡಗಿದರು. ಅವರು ಮುಂದಿನ ಬೆಂಚಿನಲ್ಲಿ, ಇವರು ಬಿದಿರ ತಟ್ಟಿಯ ಆಚೆಗಿದ್ದ ಹೆಂಗಸರ ಜಾಗದಲ್ಲಿ. ಅಯ್ಯನವರ ಮನೆಯ ಹೆಣ್ಣುಮಗಳಿಗೆ ಇದೇನು ನಾಟಕದ ಹುಚ್ಚು ಎಂದು ಓಣಿಯವರು ಆಡಿಕೊಂಡರು. ಬೆಳಿಗ್ಗೆ ಒಲೆಯ ಮುಂದೆ ಸುವರ್ಣಮ್ಮ ರೊಟ್ಟಿ ತಟ್ಟುತ್ತಾ ಹೇಳುವರು. ಕೊಟ್ರಯ್ಯ ಎದುರಿಗೆ ಮಣೆಯ ಮೇಲೆ ಕೂತು ಅವರ ತುಟಿಯನ್ನೇ ನೋಡುವರು. ಹೊಗೆ ಅಡ್ಡ ಬಂದರೆ ಪಾಟಿ. ಮೊದಮೊದಲು ಸುವರ್ಣಮ್ಮನವರಿಗೆ ಹಾಡು ಚೆನ್ನಾಗಿತ್ತು, ಜನ ಅತ್ತರು ಎಂದಷ್ಟೇ ಹೇಳಲು ಬರುತ್ತಿತ್ತು. ಅತ್ತರು ಎಂದರೆ ಸಾಲದು, ಯಾವ ಮಾತಿಗೆ ಅತ್ತರು, ಮಾತಿಗೋ ರಾಗಕ್ಕೋ, ಮೊದಲು ಅತ್ತವರು ಯಾರು ಎಂದು ಕೊಟ್ರಯ್ಯ ಬಿಡಿಸಿ ಬಿಡಿಸಿ ಕೇಳುವರು. ಹೀಗೆ ಸುವರ್ಣಮ್ಮನವರ ಕಿವಿ ಹರಿತವಾಯಿತು. ಒಂದು ವರ್ಷದಲ್ಲಿ ಅವರೇ, ಇವನು ಎತ್ತರದ ಸ್ವರಕ್ಕೆ ಹೋಗುವ ಮೊದಲು ಹೆದರಿ ಉಸಿರು ಎಳೆದುಕೊಳ್ಳುತ್ತಾನೆ, ಆ ಹೆದರಿಕೆ ಹೆಂಗಸರ ಕಡೆಗೂ ಕೇಳುತ್ತದೆ ಎನ್ನುವಷ್ಟಾದರು.

ಆ ವರ್ಷಗಳ ವಿಮರ್ಶೆಗಳೇ ‘ಹೇಮಕೂಟ’ಕ್ಕೆ ದೊಡ್ಡ ಹೆಸರು ತಂದವು. ಸೀತೆ ಅಳುವಾಗ ತಟ್ಟಿಯ ಆಚೆಗೆ ಯಾರೂ ಅಳಲಿಲ್ಲ, ಅವಳು ಸುಮ್ಮನೆ ನೀರಿನ ಕೊಡ ಎತ್ತಿಕೊಂಡು ಹೋಗುವಾಗ ಅತ್ತರು ಎಂಬಂಥ ಮಾತುಗಳನ್ನು ಅದುವರೆಗೆ ಕನ್ನಡದಲ್ಲಿ ಯಾರೂ ಬರೆದಿರಲಿಲ್ಲ ಎಂದು ಪಂಪಣ್ಣ ಹೇಳುತ್ತಿದ್ದರು. ಮೈಸೂರು, ಬೆಂಗಳೂರಿನವರೂ ಚಂದಾದಾರರಾದರು. ಕೊಟ್ರಯ್ಯ ಹೆಂಡತಿಯ ಹೆಸರನ್ನೂ ಕೆಳಗೆ ಹಾಕುತ್ತೇನೆ ಎಂದರು. ಸುವರ್ಣಮ್ಮ ಒಪ್ಪಲಿಲ್ಲ. “ಹೆಸರು ಹಾಕಿದ್ರ ನಾಳೆ ನನ್ನ ಮುಂದ ಯಾರೂ ಬಾಯಿ ಬಿಡಂಗಿಲ್ರಿ. ಹಾಕಬ್ಯಾಡ್ರಿ,” ಎಂದರು. ಅವರ ಪಕ್ಕದಲ್ಲಿ ಯಾವಾಗಲೂ ಕೂರುತ್ತಿದ್ದವರು ಉಚ್ಚೆಂಗಮ್ಮ ಎಂಬ ಅಕ್ಕಿ ಗಿರಣಿಯವರ ಮನೆಯ ಹೆಂಗಸು; ಒಳ್ಳೆಯ ಗೆಳತಿ, ಮನಸ್ಸಿಗೆ ಬಂದದ್ದನ್ನು ಬಂದ ಹಾಗೆ ಆಡುವವರು. ಅವರ ಎಷ್ಟೋ ಮಾತು ಅಚ್ಚಾಗಿದ್ದು ಅವರಿಗೇ ಗೊತ್ತಿರಲಿಲ್ಲ.

ಗಂಡ ಹೆಂಡತಿಗೆ ಜಗಳವಾದದ್ದೂ ಉಂಟು. ಭರಮಮ್ಮ ಎಂಬ ಹಳೆಯ ನಟಿ ಬಹಳ ವರ್ಷಗಳ ಮೇಲೆ ಹೊಸಪೇಟೆಗೆ ಬಂದಿದ್ದರು. ಕೊಟ್ರಯ್ಯನವರ ಕಿವಿಯಲ್ಲಿ ಇನ್ನೂ ಉಳಿದಿದ್ದ ದನಿಗಳಲ್ಲಿ ಅವರದೂ ಒಂದು. ಆ ದನಿ ಒಡೆದುಹೋಗಿದೆ ಎಂದು ಸುವರ್ಣಮ್ಮ ಹೇಳಿದಾಗ ಇವರು ನಂಬಲಿಲ್ಲ. ನಿನಗೆ ಕೇಳಲು ಬರಲಿಲ್ಲ ಎಂದುಬಿಟ್ಟರು. ಸುವರ್ಣಮ್ಮ ಅಂದು ರೊಟ್ಟಿ ಮಾಡಿಟ್ಟು ಹಿತ್ತಿಲಿಗೆ ಹೋದರು. ಎರಡನೆಯ ಆಟಕ್ಕೂ ಹೋಗಿ ಬಂದು ಅದನ್ನೇ ಹೇಳಿದರು. ಕೊನೆಗೆ ಕೊಟ್ರಯ್ಯ ಹೆಂಡತಿ ಹೇಳಿದಂತೆಯೇ, ಆದಷ್ಟು ಮೆದುವಾಗಿ ಬರೆದರು. ಭರಮಮ್ಮ ಮತ್ತೆ ಹೊಸಪೇಟೆಗೆ ಬರಲಿಲ್ಲ. ಆಮೇಲೆ ರಂಗವನ್ನೇ ಬಿಟ್ಟರೆಂದು ಸುದ್ದಿ ಬಂತು. ಸುವರ್ಣಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಸುಳ್ಳು ಹೇಳಬೇಕಿತ್ತೇನೋ ಎಂದು ಉಚ್ಚೆಂಗಮ್ಮನ ಮುಂದೆ ಒಮ್ಮೆ ಕಣ್ಣೀರಿಟ್ಟರಂತೆ. ಯಾಕೆಂದು ಉಚ್ಚೆಂಗಮ್ಮನಿಗೆ ಆಗ ತಿಳಿಯಲಿಲ್ಲ.

ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಕಿವಿ ಪೂರ್ತಿ ಹೋದ ಮೇಲೆ ನಮ್ಮವ್ವ ಹುಟ್ಟಿದಳು, ಕೊಟ್ರಬಸಮ್ಮ. ಕೂಸು ಅತ್ತಾಗ ಕೊಟ್ರಯ್ಯ ಅದರ ಎದೆಯ ಮೇಲೆ ಬೆರಳಿಟ್ಟು ಕೂರುತ್ತಿದ್ದರು. ಮಗಳು ಮಾತು ಕಲಿತ ಮೇಲೆ, ಹಾಡಲು ಶುರುಮಾಡಿದ ಮೇಲೆ, ಅದರ ದನಿ ಹೇಗಿದೆ ಎಂದು ಹೆಂಡತಿಯನ್ನು ಕೇಳಿದರು. ಊರಿಗೆ ಬಂದ ಗಾಯಕರ ದನಿಯನ್ನೆಲ್ಲ ಬಿಡಿಸಿ ಹೇಳುತ್ತಿದ್ದ ಸುವರ್ಣಮ್ಮ ಬಹಳ ಯೋಚಿಸಿ, “ಅದನ್ನ ಹೇಳಾಕ ಬರಂಗಿಲ್ರಿ ನನಗ,” ಎಂದರು. ಮುಂದೆ ಎಷ್ಟು ಸಲ ಕೇಳಿದರೂ ಅದೇ ಉತ್ತರ. ಕೊಟ್ರಯ್ಯ ಕೇಳುವುದನ್ನು ಬಿಟ್ಟರು.

ನಮ್ಮವ್ವನಿಗೆ ಒಂಬತ್ತು ತುಂಬುವ ಹೊತ್ತಿಗೆ ಊರಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಪ್ಲೇಗು ಬಂದಾಗ ಮಾಡುತ್ತಿದ್ದಂತೆ ಜನ ಮನೆಗಳಿಗೆ ಬೀಗ ಹಾಕಿ, ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಇಲಿ ಕಡಿಯಬಾರದೆಂದು ಸುವರ್ಣಮ್ಮ ಒಂದು ದಿನ ಬೀಗ ತೆಗೆದು ಮನೆಯೊಳಗೆ ಹೋಗಿ, ಅವನ್ನು ಪೆಟ್ಟಿಗೆಗೆ ತುಂಬಿ ಬಂದರು. ಜ್ವರ ಬಂದದ್ದು ಅದರಿಂದಲೋ ಬೇರೆ ಯಾವುದರಿಂದಲೋ ಹೇಳಲಾಗುವುದಿಲ್ಲ. ಕಂಕುಳಲ್ಲಿ ಗಡ್ಡೆ ಎದ್ದಿತು. ಮಗಳನ್ನು ಪಂಪಣ್ಣನ ಗುಡಿಸಲಿಗೆ ಕಳಿಸಿ ಕೊಟ್ರಯ್ಯ ಒಬ್ಬರೇ ಹತ್ತಿರ ಕೂತರು. ಕಡೆಯಲ್ಲಿ ಜ್ವರದ ಮತ್ತಿನಲ್ಲಿ ಸುವರ್ಣಮ್ಮ ಏನೇನೋ ಮಾತಾಡಿದರು. ತುಟಿ ಒಣಗಿ ಬಿರಿದಿದ್ದವು, ಮಾತು ತೊದಲುತ್ತಿತ್ತು. ಕೊಟ್ರಯ್ಯನವರಿಗೆ ಒಂದನ್ನೂ ಓದಲಾಗಲಿಲ್ಲ. ಆಕೆ ನನಗೇನು ಹೇಳಿದಳೋ ತಿಳಿಯಲಿಲ್ಲ ಎಂಬ ಮಾತನ್ನು ಅವರು ಆಮೇಲೆ ಬದುಕಿದ್ದಷ್ಟು ದಿನವೂ ಆಡುತ್ತಿದ್ದರು.

ಮಣ್ಣಿಗೆ ಬರಲು ಜನ ಹೆದರಿದರು. ಪಂಪಣ್ಣ, ಇನ್ನು ಮೂರ್ನಾಲ್ಕು ಜನ ಸೇರಿ ಆ ಹೊಲದ ಬದುವಿನಲ್ಲೇ ಮಣ್ಣು ಮಾಡಿ, ಒಂದು ಕಲ್ಲು ನೆಟ್ಟರು.

ಊರು ಮತ್ತೆ ತುಂಬಿದ ಮೇಲೆ ಕೊಟ್ರಯ್ಯ ಪ್ರೆಸ್ಸಿಗೆ ಬಂದು ಒಂದು ಬರಹ ಕೊಟ್ಟರು. ಇಷ್ಟು ವರ್ಷ ಈ ಪತ್ರಿಕೆಯ ನಾಟಕಗಳನ್ನು ಕೇಳಿದವರು ನನ್ನ ಹೆಂಡತಿ ಸುವರ್ಣಮ್ಮ, ಬರೆದವನು ಮಾತ್ರ ನಾನು, ನನಗೆ ಕಿವಿ ಕೇಳುವುದಿಲ್ಲ, ಅವರು ಈಗ ಇಲ್ಲ, ಪತ್ರಿಕೆ ಇಲ್ಲಿಗೆ ನಿಲ್ಲುತ್ತದೆ ಎಂದು ಅದರಲ್ಲಿತ್ತು. ಅಚ್ಚಿನ ಮೊಳೆ ಜೋಡಿಸಲು ಕೂತ ಪಂಪಣ್ಣ ಓದಿ ಎದ್ದು ಬಂದು, ಕೊಟ್ರಯ್ಯನವರ ಎದುರಿಗೆ ನಿಂತರು.

“ಮಾಸ್ತರ, ಇದನ್ನ ಹಾಕಬ್ಯಾಡ್ರಿ. ಸುಮ್ನ ನಿಲ್ಲಿಸಿಬಿಡ್ರಿ. ಇಷ್ಟು ದಿನದ ಹೆಸರು ಹಾಳಾಗತೈತಿ.”

“ಆಕಿ ಇದ್ದಾಗ ಹಾಕಬ್ಯಾಡ ಅಂದ್ಲು, ಕೇಳಿದೆ,” ಎಂದರು ಕೊಟ್ರಯ್ಯ. “ಈಗ ಬ್ಯಾಡ ಅನ್ನಾಕ ಆಕಿ ಇಲ್ಲ. ನೀ ಜೋಡಿಸು.”

ಪಂಪಣ್ಣ ಜೋಡಿಸಿದರು. ಸುವರ್ಣಮ್ಮನವರ ಹೆಸರಿಗೆ ಪ್ರೆಸ್ಸಿನಲ್ಲಿದ್ದ ದೊಡ್ಡ ಮೊಳೆ ಹಾಕಿದರು.

ಅವರು ಹೆದರಿದ್ದ ಹಾಗೆಯೇ ಆಯಿತು. ಓದುಗರು ತಮಗೆ ಮೋಸವಾಯಿತು ಎಂದುಕೊಂಡರು. ಕಿವುಡ ಸಂಪಾದಕರೊಬ್ಬರು ದೇಶಕ್ಕೆಲ್ಲ ಸಂಗೀತದ ಪಾಠ ಹೇಳಿದರು ಎಂದು ಒಂದು ವಾರಪತ್ರಿಕೆ ಬರೆದು ನಗಾಡಿತು. ಬಳ್ಳಾರಿಯ ಸಭೆಯೊಂದಕ್ಕೆ ಅಧ್ಯಕ್ಷರಾಗಿ ಕರೆದಿದ್ದವರು ಮತ್ತೆ ಆ ಮಾತು ಎತ್ತಲಿಲ್ಲ. ಕಂಪನಿಯವರಂತೂ, ನಾವು ಹೆದರಿದ್ದು ಒಬ್ಬ ಹೆಂಗಸಿಗಾ ಎಂದು ಕೈ ತಟ್ಟಿ ನಕ್ಕರಂತೆ. ಇದೆಲ್ಲವನ್ನೂ ಕೊಟ್ರಯ್ಯ ತಡೆದುಕೊಂಡರು. ತಡೆಯಲಾಗದೆ ಹೋದದ್ದು ಉಚ್ಚೆಂಗಮ್ಮನ ಮಾತು. ಆಕೆ ಬಾಗಿಲಿಗೆ ಬಂದು ಒಳಗೂ ಬರದೆ, “ನಾ ಆಕಿ ಹತ್ರ ಅಕ್ಕ ತಂಗಿ ಅಂತ ಮಾತಾಡಿದ್ದೆ ಅಯ್ನೋರ. ಬರಿಯಾಕ ಅಂತ ಅಲ್ಲ,” ಎಂದರು. ಅದನ್ನು ಮಾತ್ರ ಕೊಟ್ರಯ್ಯ ತುಟಿ ನೋಡಿಯೇ ಒಂದಕ್ಷರ ಬಿಡದಂತೆ ತಿಳಿದುಕೊಂಡರು. ಹೆಂಡತಿಗೆ ಗೌರವ ಮಾಡಲು ಹೋಗಿ, ಆಕೆಯ ಒಬ್ಬಳೇ ಗೆಳತಿಯ ಮನಸ್ಸಿನಲ್ಲಿ ಆಕೆಯನ್ನು ಕೆಡಿಸಿದೆ ಎಂದು ಪಂಪಣ್ಣನ ಮುಂದೆ ಅತ್ತರು.

ಮತ್ತೆ ಅವರು ಏನನ್ನೂ ಬರೆಯಲಿಲ್ಲ. ಪಂಪಣ್ಣನ ಪ್ರೆಸ್ಸಿನಲ್ಲೇ ಕೂತು ಲಗ್ನಪತ್ರಿಕೆ, ಅಂಗಡಿಗಳ ಕರಪತ್ರಗಳ ಪ್ರೂಫು ತಿದ್ದುತ್ತಾ ದಿನ ಕಳೆದರು. ಟಾಕಿ ಬಂತು, ನಾಟಕ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ತಾಯಿಯ ಜಾಗದಲ್ಲಿ ಮಗಳನ್ನು ಥೇಟರಿಗೆ ಕಳಿಸಿ ಮತ್ತೆ ಬರೆಯಬಹುದಲ್ಲ ಎಂದು ಯಾರೋ ಹೇಳಿದರು. ಕೊಟ್ರಯ್ಯ ಅವರ ಮೇಲೆ ಸಿಟ್ಟಾದರು. ಆ ಕೂಸು ತನ್ನ ಪಾಡಿಗೆ ತಾನು ಕೇಳಿಕೊಳ್ಳಲಿ ಎಂದರು.

ಉಚ್ಚೆಂಗಮ್ಮ ಬಹಳ ಕಾಲ ಆ ಓಣಿಯಲ್ಲೇ ಹಾಯಲಿಲ್ಲ. ನಮ್ಮವ್ವ ದೊಡ್ಡವಳಾದ ಸುದ್ದಿ ತಿಳಿದಾಗ ಮಾತ್ರ ಕೊಬ್ಬರಿ ಬೆಲ್ಲ ಕಟ್ಟಿಕೊಂಡು ಬಂದು, ಯಾವುದನ್ನೂ ಪ್ರಸ್ತಾಪಿಸದೆ, ತಾಯಿ ಮಾಡಬೇಕಾದ್ದನ್ನೆಲ್ಲ ಮಾಡಿ ಹೋದರು. ಮುಂದೆ ನಮ್ಮವ್ವನ ಮದುವೆಗೂ ಅವರೇ ಓಡಾಡಿದರು. ಕೊಟ್ರಯ್ಯನವರ ಜೊತೆ ಮಾತ್ರ ಆಕೆ ಮತ್ತೆ ಮಾತಾಡಲಿಲ್ಲ.

ನಮ್ಮವ್ವನನ್ನು ಸಂಡೂರಿನ ಹತ್ತಿರ ಯಶವಂತನಗರಕ್ಕೆ ಕೊಟ್ಟರು. ನಮ್ಮಪ್ಪ ಅಲ್ಲಿ ಶಾಲೆಯ ಮಾಸ್ತರರು. ಕಣ್ಣೂ ಮಂಜಾಗತೊಡಗಿದ ಮೇಲೆ ಪ್ರೂಫು ತಿದ್ದುವುದೂ ಆಗದೆ ಕೊಟ್ರಯ್ಯ ಮಗಳ ಮನೆಗೆ ಬಂದರು. ಅಲ್ಲಿ ಅದಿರು ತುಂಬಿದ ಲಾರಿಗಳು ಓಡಾಡುತ್ತಿದ್ದವು. ಹಾರನ್ ಕೇಳದವರನ್ನು ರಸ್ತೆಗೆ ಒಬ್ಬರನ್ನೇ ಬಿಡಲು ನಮ್ಮವ್ವನಿಗೆ ಭಯ. ಕಟ್ಟೆಯ ಮೇಲೆ ಕೂಡಿಸುತ್ತಿದ್ದಳು. ಊರೂರು ತಿರುಗಿ ನಾಟಕ ನೋಡಿದವರು ಕೆಂಪು ಧೂಳು ಏಳುವುದನ್ನು ನೋಡುತ್ತಾ ಕೂತಿರುತ್ತಿದ್ದರು. ಕಣ್ಣು ಮಂಜಾದ್ದರಿಂದ ತುಟಿ ಓದುವುದೂ ನಿಂತಿತು. ಕೊನೆಯ ವರ್ಷ ಅವರ ಜೊತೆ ಮಾತಾಡಬೇಕಾದರೆ ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆಯಬೇಕಾಗುತ್ತಿತ್ತು. ನಮ್ಮವ್ವ ಮನೆಗೆಲಸದ ನಡುವೆ ಎಷ್ಟು ಬರೆದಾಳು? ಉಂಡಿರಾ, ಚಳಿಯೇ, ಇಷ್ಟೇ.

ಸಾವಿರದ ಒಂಬೈನೂರ ನಲವತ್ತಾರರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಸಂಡೂರಿನ ಕಡೆಯ ನೆಲದಲ್ಲೇ ಮಣ್ಣು ಮಾಡಿದರು. ಧಾರವಾಡದ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲು ಸುದ್ದಿ ಬಂತು. ‘ಹೇಮಕೂಟ’ದ ಸಂಪಾದಕರು, ನಿಷ್ಠುರ ವಿಮರ್ಶಕರು ಎಂದಿತ್ತು. ಸುವರ್ಣಮ್ಮನ ಹೆಸರು ಇರಲಿಲ್ಲ. ನಮ್ಮವ್ವ ಆ ಹೆಸರು ತಿಳಿಸಿ ಪತ್ರಿಕೆಯವರಿಗೆ ಒಂದು ಕಾರ್ಡು ಬರೆದು ಹಾಕಿದಳು. ಅದನ್ನು ಅವರು ಅಚ್ಚು ಮಾಡಲಿಲ್ಲ.

ಅಷ್ಟರಲ್ಲಿ ಹೊಸಪೇಟೆಯ ಹತ್ತಿರ ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ ನೆಲ ಹಿಡಿಯುತ್ತಿದ್ದರು. ಸುವರ್ಣಮ್ಮನನ್ನು ಮಣ್ಣು ಮಾಡಿದ್ದ ಹೊಲವೂ ಅದರಲ್ಲಿ ಹೋಯಿತು. ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಾಗ ನಮ್ಮವ್ವ ಒಮ್ಮೆ ಪಂಪಣ್ಣನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಳಂತೆ. ನೆಲವನ್ನೆಲ್ಲ ಸಮ ಮಾಡಿ ಕೂಲಿಯವರಿಗೆ ತಗಡಿನ ಶೆಡ್ಡುಗಳನ್ನು ಹಾಕಿದ್ದರು. ಬದು ಎಲ್ಲಿತ್ತು, ಕಲ್ಲು ಎಲ್ಲಿತ್ತು ಎಂದು ಇಬ್ಬರೂ ಶೆಡ್ಡುಗಳ ನಡುವೆ ಹುಡುಕಿದರು. ಪಂಪಣ್ಣ ಒಮ್ಮೆ ಇಲ್ಲಿ ಎಂದರು, ಒಮ್ಮೆ ಅಲ್ಲಿ ಎಂದರು, ಆಮೇಲೆ ಗೊತ್ತಾಗಲೊಲ್ಲದು ತಂಗಿ ಎಂದು ಕೂತುಬಿಟ್ಟರು. ನಮ್ಮವ್ವ ತಂದಿದ್ದ ಹೂವನ್ನು ಶೆಡ್ಡಿನ ಮುಂದೆ ಅಡಿಗೆ ಮಾಡುತ್ತಿದ್ದ ಹೆಂಗಸಿನ ಕೈಗೆ ಕೊಟ್ಟು, ಸಂಜೆಯ ಬಸ್ಸಿಗೆ ಸಂಡೂರಿಗೆ ವಾಪಸಾದಳು.